ನೀರನ್ನು ಮಾರಿ ಸೇತುವೆ ಕಟ್ಟಿದ ಕಥೆ

ಬಿ.ಎಸ್‌ಸಿ. ಮುಗಿಸಿ, ಎರಡು ವರ್ಷ ಅಲೆದಾಡಿ, ಕೊನೆಗೊಮ್ಮೆ ಸ್ಟಾಫ್ ಸೆಲೆಕ್ಷನ್ ಕಮಿಷನ್ನಿನ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ನಾನು ಕೇಂದ್ರ ಸರ್ಕಾರದ ಗುಮಾಸ್ತನಾಗಿ ಸೇರಿದ್ದು 2003ರಲ್ಲಿ, ಕೊಚ್ಚಿಯಲ್ಲಿ. ಎರ್ನಾಕುಲಂ ಪೇಟೆಯಲ್ಲಿ ಮನೆ ಬಾಡಿಗೆ ನನ್ನ ಸಂಬಳಕ್ಕೆ ನಿಲುಕುವಂತಿರಲಿಲ್ಲ. ಎದುರಿಗೇ ಕಾಣುವ ವೈಪಿನ್ ದ್ವೀಪದಲ್ಲಿ ತಿಂಗಳಿಗೆ 800 ರೂಪಾಯಿಗೆ ಒಂದು ಕೋಣೆ ಸಿಕ್ಕಿತು. ಅಷ್ಟು ಅಗ್ಗವೇಕೆಂದು ಮನೆಯ ಯಜಮಾನರನ್ನು ಕೇಳಿದಾಗ ಅವರು ನಕ್ಕು, ನಾಳೆ ಬೆಳಿಗ್ಗೆ ಜೆಟ್ಟಿಗೆ ಹೋದರೆ ಗೊತ್ತಾಗುತ್ತದೆ ಎಂದರು.

ಮರುದಿನ ಬೆಳಿಗ್ಗೆ ಗೊತ್ತಾಯಿತು. ದಡದಿಂದ ದಡಕ್ಕೆ ಕಣ್ಣಳತೆಯ ದೂರ. ಎದುರು ದಡದಲ್ಲಿ ಹೈಕೋರ್ಟು, ಮೆರೀನ್ ಡ್ರೈವ್, ದೊಡ್ಡ ದೊಡ್ಡ ಕಟ್ಟಡಗಳು. ಈ ದಡದಲ್ಲಿ ಕೊಡೆ ಹಿಡಿದು, ಊಟದ ಡಬ್ಬಿ ಕಂಕುಳಲ್ಲಿಟ್ಟುಕೊಂಡು ಬೋಟಿಗಾಗಿ ಕಾಯುವ ನೂರಾರು ಜನ. ಬೋಟು ಬಂದರೆ ನೂಕುನುಗ್ಗಲು, ಬಾರದಿದ್ದರೆ ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ. ತಡವಾಗಿ ಬಂದರೆ ತಿಂಗಳಿಗೆ ಎರಡು ಸಲ ಮಾಫಿ, ಮೂರನೆಯದಕ್ಕೆ ಅರ್ಧ ದಿನದ ಸಿ.ಎಲ್. ಕಡಿತ. ನಮ್ಮ ಕಛೇರಿಯಲ್ಲಿ ವೈಪಿನ್ ಕಡೆಯವರ ಸಿ.ಎಲ್. ಆಗಸ್ಟ್ ತಿಂಗಳೊಳಗೇ ಮುಗಿದುಹೋಗುತ್ತಿತ್ತು. ನಾನು ಕುಂದಾಪುರದ ಕಡೆಯವನು. ಹೆದ್ದಾರಿಗೆ ಸೇತುವೆಗಳಾಗುವ ಮೊದಲು ಒಂದೊಂದು ಹೊಳೆಗೂ ಕಡವು ದಾಟಿ ಮಂಗಳೂರಿಗೆ ಹೋಗುತ್ತಿದ್ದ ಕಾಲವನ್ನು ನಮ್ಮ ತಂದೆಯವರು ವರ್ಣಿಸುತ್ತಿದ್ದರು. ಆ ಕಾಲ ನನಗೆ ಇಪ್ಪತ್ತೊಂದನೆಯ ಶತಮಾನದಲ್ಲಿ, ಒಂದು ಮಹಾನಗರದ ಎದುರಿನಲ್ಲಿಯೇ ಸಿಕ್ಕಿತು.

ಮರುವರ್ಷ, ಎಂದರೆ 2004ರ ಜೂನ್ ತಿಂಗಳಲ್ಲಿ, ಎರ್ನಾಕುಲಂನಿಂದ ವೈಪಿನ್ನಿಗೆ ಸೇತುವೆಗಳು ತೆರೆದವು. ಗೋಶ್ರೀ ಸೇತುವೆಗಳು ಎಂದು ಅವಕ್ಕೆ ಹೆಸರು. ಗೋಶ್ರೀ ಎಂಬುದು ಕೊಚ್ಚಿಯ ಹಳೆಯ ಹೆಸರು. ಸೇತುವೆ ಎಂದ ಮೇಲೆ ಅದರಲ್ಲಿ ಹೇಳುವುದೇನಿದೆ ಎಂದು ಓದುಗರು ಕೇಳಬಹುದು. ಹೇಳಬೇಕಾದದ್ದು ಸೇತುವೆಯ ವಿಚಾರವಲ್ಲ, ಅದಕ್ಕೆ ಹಣ ಬಂದ ದಾರಿ. ಆ ದಾರಿಯಲ್ಲಿ ನಮಗೆಲ್ಲ ಕಲಿಯಬೇಕಾದ ಒಂದು ಪಾಠವಿದೆ ಎಂದು ನನ್ನ ನಂಬಿಕೆ.

ಯಾರ ಉಪಯೋಗ, ಯಾರ ಖರ್ಚು?

ಶಕ್ತಿಯನ್ನು ಸೃಷ್ಟಿಸಲಾಗದು, ನಾಶಮಾಡಲೂ ಆಗದು, ಅದು ಒಂದು ರೂಪದಿಂದ ಇನ್ನೊಂದಕ್ಕೆ ಬದಲಾಗುತ್ತದೆ ಅಷ್ಟೆ ಎಂದು ಕಾಲೇಜಿನಲ್ಲಿ ಓದಿದ್ದೆವು. ಸಾರ್ವಜನಿಕ ಕಾಮಗಾರಿಯ ಹಣವೂ ಹಾಗೆಯೇ. ರಸ್ತೆ, ಚರಂಡಿ, ಸೇತುವೆ ಯಾವುದಾದರೂ ಸರಿ, ಎಲ್ಲಿಂದಲೋ ಯಾರಿಂದಲೋ ಬಂದೇ ತೀರಬೇಕು. ಸರ್ಕಾರ ಕಟ್ಟಿಸಿತು ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಸರ್ಕಾರಕ್ಕೆ ಕೊಟ್ಟವರು ಯಾರು, ಕಟ್ಟಿಸಿದ್ದರಿಂದ ಲಾಭವಾದದ್ದು ಯಾರಿಗೆ ಎಂದು ಲೆಕ್ಕ ಬರೆದು ನೋಡುವವರು ಕಡಿಮೆ.

ಲಾಭ ಪಡೆಯುವ ಪ್ರದೇಶದವರೇ ಖರ್ಚಿನ ಒಂದು ಪಾಲನ್ನು ಹೊರಬೇಕು, ಆ ಹಣ ಅದೇ ಪ್ರದೇಶಕ್ಕೆ ಮೀಸಲಾಗಿರಬೇಕು ಎಂಬ ಏರ್ಪಾಟು ಅಮೆರಿಕದ ಅನೇಕ ರಾಜ್ಯಗಳಲ್ಲಿದೆ. ಊರಿನ ಒಂದು ಭಾಗಕ್ಕೆ ಎಲ್ಲೆ ಗುರುತಿಸಿ, ಅದನ್ನು ವಿಶೇಷ ಸುಧಾರಣಾ ವಲಯವೆಂದು ಸಾರಿ, ಅದರೊಳಗಿನ ಆಸ್ತಿಗಳ ಮೇಲೆ ಪ್ರತ್ಯೇಕ ತೆರಿಗೆ ಹಾಕಿ, ಆ ಹಣದಿಂದಲೇ ಅಲ್ಲಿಯ ರಸ್ತೆ, ದೀಪ, ಚರಂಡಿಗಳನ್ನು ಮಾಡಿಸುತ್ತಾರೆ. 1970ರಲ್ಲಿ ಕೆನಡಾ ದೇಶದ ಟೊರಾಂಟೊ ನಗರದ ಬ್ಲೂರ್ ವೆಸ್ಟ್ ವಿಲೇಜ್ ಎಂಬ ಪೇಟೆಯ ಅಂಗಡಿಕಾರರು, ಹೊಸ ದೊಡ್ಡ ಮಳಿಗೆಗಳ ಪೈಪೋಟಿಯಲ್ಲಿ ತಮ್ಮ ಬೀದಿ ಬಡವಾಗುವುದನ್ನು ಕಂಡು, ತಮಗೆ ತಾವೇ ತೆರಿಗೆ ಹಾಕಿಕೊಂಡು ಬೀದಿಯನ್ನು ಸುಧಾರಿಸಿದರು. ಈ ಬಗೆಯ ವ್ಯಾಪಾರಿ ವಲಯಗಳಲ್ಲಿ ಅದೇ ಮೊದಲನೆಯದು.

ಇದು ಪರದೇಶದ ಹೊಸ ಸಂಗತಿಯೆಂದು ನಾವು ಬೆರಗಾಗಬೇಕಾಗಿಲ್ಲ. ನಮ್ಮ ಶಾಸನಗಳನ್ನು ಓದಿದವರಿಗೆ ಬಿತ್ತುವಟ್ಟ, ದಶವಂದ, ಕಟ್ಟುಗೊಡಗೆ ಎಂಬ ಮಾತುಗಳು ಅಪರಿಚಿತವಲ್ಲ. ಕೆರೆಯ ಕೆಳಗಿನ ಗದ್ದೆಗಳ ಹುಟ್ಟುವಳಿಯಲ್ಲಿ ಒಂದು ಪಾಲನ್ನೋ, ಆ ನೀರಿನಿಂದಲೇ ಬೆಳೆಯುವ ಒಂದಿಷ್ಟು ಭೂಮಿಯನ್ನೋ ಕೆರೆಯ ಹೂಳೆತ್ತುವುದಕ್ಕೆ, ಏರಿಯ ದುರಸ್ತಿಗೆ ಎಂದು ಬಿಟ್ಟಿರುತ್ತಿದ್ದರು. ಯಾವ ಕೆರೆಯ ನೀರನ್ನು ಉಣ್ಣುತ್ತೀಯೋ ಆ ಕೆರೆಗೆ ನಿನ್ನ ಪಾಲು ಕೊಡು ಎಂಬುದೇ ಅದರ ತಾತ್ಪರ್ಯ. ಆ ಪಾಲು ದೂರದ ರಾಜಧಾನಿಯ ಬೊಕ್ಕಸಕ್ಕೆ ಹೋಗದೆ ಏರಿಯ ಮಣ್ಣಿಗೇ ಬೀಳುತ್ತಿತ್ತು. ಸಾವಿರ ವರ್ಷದ ಹಿಂದಿನ ಕೆರೆಗಳು ಈಗಲೂ ಅಲ್ಲಲ್ಲಿ ನಿಂತಿರುವುದಕ್ಕೆ ಇದೂ ಒಂದು ಕಾರಣ.

ಪ್ರವಾಹದಲ್ಲಿ ಹುಟ್ಟಿದ ದ್ವೀಪ

ಈಗ ವೈಪಿನ್ನಿಗೆ ಬರೋಣ. 1341ರಲ್ಲಿ ಪೆರಿಯಾರ್ ನದಿಗೆ ಮಹಾಪ್ರವಾಹ ಬಂದಿತೆಂದೂ, ಪ್ರಾಚೀನ ಕಾಲದಿಂದ ರೋಮ್ ದೇಶದವರೊಡನೆ ವ್ಯಾಪಾರ ನಡೆಸಿದ್ದ ಮುಚಿರಿ ಬಂದರಿನ ದಾರಿ ಹೂಳು ತುಂಬಿ ಮುಚ್ಚಿ, ದಕ್ಷಿಣದಲ್ಲಿ ಕೊಚ್ಚಿಯ ಅಳಿವೆ ಬಾಯಿ ತೆರೆಯಿತೆಂದೂ ಹೇಳುತ್ತಾರೆ. ಆ ಹೂಳಿನಿಂದ ಎದ್ದು ಬಂದದ್ದೇ ಸುಮಾರು 25 ಕಿಲೋಮೀಟರು ಉದ್ದದ ವೈಪಿನ್ ದ್ವೀಪ. ಅದರ ಹುಟ್ಟಿನಿಂದ ವರ್ಷ ಎಣಿಸುವ ಪುದುವೈಪ್ಪು ಎಂಬ ಶಕೆಯೇ ಒಂದು ಕಾಲದಲ್ಲಿ ಕೊಚ್ಚಿಯಲ್ಲಿ ನಡೆಯುತ್ತಿತ್ತು. ರಾಜರ ಪಟ್ಟಾಭಿಷೇಕದಿಂದ ಶಕೆ ಎಣಿಸುವುದನ್ನು ನಾವು ಬಲ್ಲೆವು. ಒಂದು ನೆಲದ ಹುಟ್ಟಿನಿಂದ ಶಕೆ ಎಣಿಸಿದ್ದು ಅಪರೂಪವೇ ಸರಿ.

ಕೊಚ್ಚಿಯ ಮುಂದಿನ ಚರಿತ್ರೆಯೂ ನೀರಿನಿಂದ ನೆಲವನ್ನು ಪಡೆದ ಚರಿತ್ರೆಯೇ. ಮೊದಲಿಗೆ ದೊಡ್ಡ ಕಾಮಗಾರಿಗೆ ಹಣವೆಂದರೆ ಅರಮನೆಯ, ದೇವಸ್ಥಾನದ ಹಣ. 1902ರಲ್ಲಿ ಷೊರನೂರಿನಿಂದ ಎರ್ನಾಕುಲಂಗೆ ರೈಲು ಬಂದಾಗ, ಕೊಚ್ಚಿಯ ಅರಸು ರಾಮವರ್ಮ ಮಹಾರಾಜರು ತೃಪ್ಪೂಣಿತುರ ದೇವಸ್ಥಾನದ ಆನೆಗಳ ಚಿನ್ನದ ಹಣೆಪಟ್ಟಗಳನ್ನು ಮಾರಿ ಹಣ ಹೊಂದಿಸಿದರೆಂಬುದು ಆ ಊರಿನಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು. ಆಮೇಲೆ ಬಂದರಿನ ಕೆಲಸ ಬಂತು. ರಾಬರ್ಟ್ ಬ್ರಿಸ್ಟೊ ಎಂಬ ಇಂಜಿನಿಯರು 1920ರಲ್ಲಿ ಕೊಚ್ಚಿಗೆ ಬಂದು, ಅಳಿವೆಗೆ ಅಡ್ಡವಾಗಿದ್ದ ಮರಳಿನ ದಿಬ್ಬವನ್ನು ಕತ್ತರಿಸಿ, 1928ರಲ್ಲಿ ಮೊದಲ ಹಡಗನ್ನು ಒಳಗೆ ಬರಮಾಡಿದರು. ಮದರಾಸು ಸರ್ಕಾರ, ಕೊಚ್ಚಿ, ತಿರುವಾಂಕೂರು ಮೂರೂ ಖರ್ಚಿನಲ್ಲಿ ಪಾಲು ಹಿಡಿದು, ಬಂದರಿನ ಸುಂಕದಲ್ಲಿಯೂ ಪಾಲು ಪಡೆದವು. ಲಾಭಕ್ಕೆ ತಕ್ಕ ಹೊರೆ ಎಂಬ ತತ್ವ ಅಲ್ಲಿಯೂ ಇತ್ತು. ಹಡಗಿನ ದಾರಿಗಾಗಿ ತೋಡಿದ ಮಣ್ಣನ್ನು ಹಿನ್ನೀರಿನ ನಡುವೆ ಸುರಿದು ಸುಮಾರು 780 ಎಕರೆ ಹೊಸ ನೆಲ ಮಾಡಿದರು. ಅದೇ ಈಗಿನ ವಿಲ್ಲಿಂಗ್ಡನ್ ದ್ವೀಪ.

ಬಂದರಾಯಿತು, ನಗರ ಬೆಳೆಯಿತು. ಅಳಿವೆಯ ಬಾಯಲ್ಲೇ ಕುಳಿತಿದ್ದ ವೈಪಿನ್ ಮಾತ್ರ ಇದ್ದಂತೆಯೇ ಇತ್ತು. ಮೀನು, ಸೀಗಡಿ, ತೆಂಗಿನ ನಾರು, ಕೂಲಿ ಇವೇ ಅಲ್ಲಿಯವರ ಜೀವನೋಪಾಯ. ಸುತ್ತ ಎಲ್ಲಿ ನೋಡಿದರೂ ನೀರು, ಕುಡಿಯಲು ಮಾತ್ರ ತತ್ವಾರ. ರಸ್ತೆಯಲ್ಲಿ ಎರ್ನಾಕುಲಂಗೆ ಹೋಗಬೇಕೆಂದರೆ ಉತ್ತರಕ್ಕೆ ಪರವೂರಿನ ಕಡೆಯಿಂದ ಬಹಳ ದೂರ ಸುತ್ತಬೇಕು. ಸೇತುವೆಗಾಗಿ ಅರ್ಜಿ, ಮೆರವಣಿಗೆ, ಸತ್ಯಾಗ್ರಹ ಎಲ್ಲವೂ ನಡೆದವು. ಚುನಾವಣೆಯಲ್ಲಿ ಭರವಸೆಯ ಮಾತು, ಬಜೆಟ್ಟಿನಲ್ಲಿ ಹಣವಿಲ್ಲ ಎಂಬ ಮಾತು.

1982ರ ಓಣಂ ಹಬ್ಬದಲ್ಲಿ ವೈಪಿನ್ನಿನ ಸಾರಾಯಿ ಅಂಗಡಿಗಳ ವಿಷಮದ್ಯ ಕುಡಿದು 70ಕ್ಕೂ ಹೆಚ್ಚು ಜನ ಸತ್ತರು. ಅನೇಕರ ಕಣ್ಣು ಹೋಯಿತು. ನಮ್ಮ ಸೆಕ್ಷನ್ನಿನಲ್ಲಿ ನಾಯರಂಬಲದ ಹಿರಿಯರೊಬ್ಬರಿದ್ದರು. ಅವರನ್ನು ನಾವೆಲ್ಲ ಚೇಟ್ಟನ್ ಎಂದೇ ಕರೆಯುತ್ತಿದ್ದೆವು. ಆ ದಿನ ಅವರಿಗೆ ಇಪ್ಪತ್ತರ ಆಸುಪಾಸು. ಪಕ್ಕದ ಮನೆಯವರನ್ನು ಹೊತ್ತುಕೊಂಡು ಜೆಟ್ಟಿಗೆ ಓಡಿದ್ದರಂತೆ. “ಆಸ್ಪತ್ರೆಯ ದೀಪ ಕಾಣುತ್ತಿತ್ತು ಸಾರ್. ಬೋಟು ಕಾಣುತ್ತಿರಲಿಲ್ಲ” ಎಂದು ಒಮ್ಮೆ ಹೇಳಿದರು. ಮತ್ತೆ ಆ ವಿಷಯ ಅವರು ಎತ್ತಲಿಲ್ಲ, ನಾನೂ ಕೇಳಲಿಲ್ಲ. ಆ ಸಾವುಗಳಿಗೆ ಕಾರಣ ಮದ್ಯವೇ ಹೊರತು ಸೇತುವೆ ಇಲ್ಲದಿದ್ದುದಲ್ಲ. ಆದರೂ ಸೇತುವೆಯ ಬೇಡಿಕೆ ಕೇವಲ ಅನುಕೂಲದ ಮಾತಲ್ಲ, ಪ್ರಾಣದ ಮಾತು ಎಂಬುದು ಅಂದಿನಿಂದ ದ್ವೀಪದವರ ಮನಸ್ಸಿನಲ್ಲಿ ನಾಟಿತು.

ಬೇಲಿ ಹಾಕಿದ ಹಣ

1994ರಲ್ಲಿ, ಕೆ. ಕರುಣಾಕರನ್ ಅವರು ಮುಖ್ಯಮಂತ್ರಿಯಾಗಿದ್ದಾಗ, ಕೇರಳ ಸರ್ಕಾರ ಗೋಶ್ರೀ ದ್ವೀಪಗಳ ಅಭಿವೃದ್ಧಿ ಪ್ರಾಧಿಕಾರವನ್ನು ರಚಿಸಿತು. ಇಂಗ್ಲಿಷಿನ ಮೊದಲ ಅಕ್ಷರಗಳನ್ನು ಕೂಡಿಸಿ ಜನ ಅದನ್ನು ಜಿಡಾ ಎನ್ನುತ್ತಾರೆ. ಮುಖ್ಯಮಂತ್ರಿಗಳೇ ಅದರ ಅಧ್ಯಕ್ಷರು. ಅದಕ್ಕೆ ಸರ್ಕಾರ ಹೇಳಿದ ಮಾತು ಇಷ್ಟೇ: ಬಜೆಟ್ಟಿನ ಹಣವನ್ನು ಕಾಯಬೇಡಿ, ಎರ್ನಾಕುಲಂ ದಡಕ್ಕೆ ಸೇರಿದಂತೆ ಹಿನ್ನೀರಿನ 25 ಹೆಕ್ಟೇರನ್ನು ತುಂಬಿಸಿ ನೆಲಮಾಡಿ, ಆ ನೆಲವನ್ನು ಮಾರಿ, ಬಂದ ಹಣದಿಂದ ದ್ವೀಪಗಳಿಗೆ ಸೇತುವೆ ಕಟ್ಟಿ.

ಕೆಲಸದ ಕ್ರಮ ಹೀಗೆ. ಹಿನ್ನೀರಿನ ತಳದ ಮಣ್ಣನ್ನು ಡ್ರೆಡ್ಜರಿನಿಂದ ಎತ್ತಿ ದಡದ ಬಳಿ ಸುರಿದರೆ ಹೊಸ ನೆಲ ಸಿಗುತ್ತದೆ. ಮಣ್ಣು ಸುರಿಯುವ ಖರ್ಚು ಒಂದು ಪಾಲಾದರೆ, ಮೆರೀನ್ ಡ್ರೈವಿನ ಪಕ್ಕದಲ್ಲಿ ನೀರಿಗೆ ಮುಖ ಮಾಡಿದ ನೆಲದ ಬೆಲೆ ಅದರ ಹಲವು ಪಾಲು. ನಡುವಿನ ವ್ಯತ್ಯಾಸವೇ ಸೇತುವೆಯ ಬಂಡವಾಳ. ದಡದ ಎರ್ನಾಕುಲಂನಿಂದ ಬೋಳ್ಗಾಟ್ಟಿಗೆ ಒಂದು, ಬೋಳ್ಗಾಟ್ಟಿಯಿಂದ ವಲ್ಲಾರ್‌ಪಾಡಂಗೆ ಒಂದು, ಅಲ್ಲಿಂದ ವೈಪಿನ್ನಿಗೆ ಒಂದು, ಹೀಗೆ ಮೂರು ಸೇತುವೆಗಳು. ಹತ್ತು ವರ್ಷ ಹಿಡಿಯಿತು. 2004ರ ಜೂನ್‌ನಲ್ಲಿ ಮುಖ್ಯಮಂತ್ರಿ ಎ. ಕೆ. ಆಂಟನಿಯವರು ಉದ್ಘಾಟಿಸಿದ ದಿನ ವೈಪಿನ್ನಿನಲ್ಲಿ ಮತ್ತೊಂದು ಓಣಂ ಬಂದಂತಿತ್ತು. ನಮ್ಮ ಚೇಟ್ಟನ್ ಬಸ್ಸು ಹತ್ತದೆ, ಮನೆಯವರನ್ನೆಲ್ಲ ಕರೆದುಕೊಂಡು ಮೂರು ಸೇತುವೆಗಳನ್ನೂ ನಡೆದೇ ದಾಟಿದರು.

ಲೆಕ್ಕ ಬರೆಯುವ ಗುಮಾಸ್ತನಾದ ನನಗೆ ಇದರಲ್ಲಿ ಮೆಚ್ಚುಗೆಯಾದದ್ದು ಸೇತುವೆಯ ಕಂಬಗಳಲ್ಲ, ಲೆಕ್ಕದ ಶೀರ್ಷಿಕೆ. ಸರ್ಕಾರಕ್ಕೆ ಬಂದ ಹಣ ಸಾಮಾನ್ಯವಾಗಿ ಖಜಾನೆಯೆಂಬ ಸಮುದ್ರಕ್ಕೆ ಬೀಳುತ್ತದೆ. ಒಮ್ಮೆ ಬಿದ್ದ ಮೇಲೆ ಇದು ವೈಪಿನ್ನಿನ ಹನಿ, ಇದು ಪಾಲಕ್ಕಾಡಿನ ಹನಿ ಎಂದು ಗುರುತಿಸುವಂತಿಲ್ಲ. ಸಂಬಳ, ಪಿಂಚಣಿ, ಬಡ್ಡಿ ಎಲ್ಲ ಕಳೆದು ಉಳಿದದ್ದರಲ್ಲಿ ಯಾರ ದನಿ ಗಟ್ಟಿಯೋ ಅವರಿಗೆ ಮೊದಲು. ಜಿಡಾದ ಹಣ ಹಾಗಾಗಲಿಲ್ಲ. ಅದಕ್ಕೊಂದು ಬೇಲಿ ಇತ್ತು. ದ್ವೀಪಗಳಿಗೆಂದು ಹುಟ್ಟಿದ ಹಣ ದ್ವೀಪಗಳ ಹೆಸರಿನಲ್ಲಿಯೇ ಉಳಿಯಿತು. ಸೇತುವೆ ಮುಗಿದ ಮೇಲೂ ಉಳಿದ ಹಣದಿಂದ ದ್ವೀಪಗಳ ಒಳರಸ್ತೆ, ಕುಡಿಯುವ ನೀರು, ಸಣ್ಣ ಸೇತುವೆಗಳ ಕೆಲಸಗಳು ನಡೆದವು. ಮೂಲಂಪಿಳ್ಳಿಯಿಂದ ಪಿಳಲ ಎಂಬ ಪುಟ್ಟ ದ್ವೀಪಕ್ಕೆ 2020ರಲ್ಲಿ ತೆರೆದ ಸೇತುವೆಯೂ ಆ ಸಾಲಿನದೇ. ದಶಕಗಳ ಅರ್ಜಿಗಳು ಮಾಡಲಾರದ ಕೆಲಸವನ್ನು ಒಂದು ಪ್ರತ್ಯೇಕ ಲೆಕ್ಕ ಮಾಡಿತು.

ಸೇತುವೆ ತೆರೆದು ಆರು ತಿಂಗಳಾಗಿತ್ತು. 2004ರ ಡಿಸೆಂಬರ್ 26, ಭಾನುವಾರ. ಸುನಾಮಿ ಅಲೆಗಳು ವೈಪಿನ್ನಿನ ಎಡವನಕ್ಕಾಡ್ ತೀರಕ್ಕೆ ನುಗ್ಗಿ ಜೀವಹಾನಿಯಾಯಿತು, ಮನೆಗಳು ಬಿದ್ದವು. ಅಂದು ಮಧ್ಯಾಹ್ನ ನಾನು ರಸ್ತೆಯ ಬದಿಯಲ್ಲಿ ನಿಂತಿದ್ದೆ. ಆಂಬುಲೆನ್ಸುಗಳು ಒಂದರ ಹಿಂದೊಂದು ಸೇತುವೆಯ ಕಡೆಗೆ ಓಡಿದವು. ಪಕ್ಕದಲ್ಲಿದ್ದ ಚೇಟ್ಟನ್ ಏನೂ ಮಾತಾಡಲಿಲ್ಲ. ಇಪ್ಪತ್ತೆರಡು ವರ್ಷದ ಹಿಂದಿನ ಆ ಜೆಟ್ಟಿ ಅವರ ಕಣ್ಣೆದುರಿಗೆ ಬಂದಿರಬೇಕು.

ಬೇರೆ ದಾರಿಗಳು

ಅದೇ ಊರಿನಲ್ಲಿ ಅದೇ ಕಾಲದಲ್ಲಿ ಬೇರೆ ಬೇರೆ ದಾರಿಗಳನ್ನೂ ಹಿಡಿದು ನೋಡಿದ್ದಾರೆ. ಮಟ್ಟಾಂಚೇರಿಯ ಹೊಸ ಸೇತುವೆ 2001ರಲ್ಲಿ ತೆರೆಯಿತು. ಖಾಸಗಿಯವರು ಕಟ್ಟುವುದು, ಟೋಲ್ ವಸೂಲುಮಾಡಿ ಹಣ ಹಿಂದೆ ಪಡೆಯುವುದು, ಆಮೇಲೆ ಸರ್ಕಾರಕ್ಕೆ ಒಪ್ಪಿಸುವುದು ಎಂಬ ಬಿ.ಓ.ಟಿ. ಪದ್ಧತಿ. ಜನ ಅದಕ್ಕೆ ಬಿ.ಓ.ಟಿ. ಪಾಲಂ ಎಂದೇ ಹೆಸರಿಟ್ಟರು. ದಿನವೂ ದಾಟುವವನು ದಿನವೂ ತೆರಬೇಕು. ಸೇತುವೆಯಿಂದ ಬೆಲೆ ಏರಿದ ನಿವೇಶನದ ಒಡೆಯ ಮನೆಯಲ್ಲೇ ಕುಳಿತಿದ್ದರೆ ಏನೂ ತೆರಬೇಕಾಗಿಲ್ಲ. ಪ್ರತಿಭಟನೆಗಳು ನಡೆದು, ವ್ಯಾಜ್ಯಗಳಾಗಿ, 2014ರಲ್ಲಿ ಟೋಲ್ ನಿಂತಿತು. ಇನ್ನೊಂದು ಕಡೆ ನೆಡುಂಬಾಶ್ಶೇರಿ ವಿಮಾನ ನಿಲ್ದಾಣ. 1994ರಲ್ಲಿ ಕಂಪನಿ ಸ್ಥಾಪಿಸಿ, ಪರದೇಶಗಳಲ್ಲಿರುವ ಮಲಯಾಳಿಗಳು ಸೇರಿದಂತೆ ಸಾವಿರಾರು ಜನರಿಂದ ಷೇರು ಹಣ ಕೂಡಿಸಿ, 1999ರ ಮೇ 25ರಂದು ರಾಷ್ಟ್ರಪತಿ ಕೆ. ಆರ್. ನಾರಾಯಣನ್ ಅವರಿಂದ ಉದ್ಘಾಟನೆ ಮಾಡಿಸಿದರು. ಉಪಯೋಗಿಸುವವರೇ ಒಡೆಯರೂ ಆಗುವ ದಾರಿ ಅದು. ವಿಮಾನ ನಿಲ್ದಾಣಕ್ಕೆ ಸರಿಹೋದದ್ದು ಬಡವರ ದ್ವೀಪಕ್ಕೆ ಸರಿಹೋಗುತ್ತಿರಲಿಲ್ಲ ಎಂಬುದೂ ನಿಜ.

2011ರಲ್ಲಿ ನನಗೆ ತಿರುವನಂತಪುರಕ್ಕೆ ವರ್ಗವಾಯಿತು. ಅಲ್ಲಿ ಆಗ ನಗರದ ಸುಮಾರು 42 ಕಿಲೋಮೀಟರು ರಸ್ತೆಗಳನ್ನು ಅಗಲಮಾಡುವ ಯೋಜನೆ ನಡೆಯುತ್ತಿತ್ತು. ಹಣದ ದಾರಿ ಮೂರನೆಯದು. ಖಾಸಗಿ ಕಂಪನಿ ರಸ್ತೆ ಮಾಡಿ 15 ವರ್ಷ ನಿರ್ವಹಿಸುವುದು, ಸರ್ಕಾರ ಅದಕ್ಕೆ ಕಂತುಗಳಲ್ಲಿ ಹಣ ತೀರಿಸುವುದು. ಟೋಲ್ ಇಲ್ಲ, ವಿಶೇಷ ತೆರಿಗೆ ಇಲ್ಲ. ರಸ್ತೆಗಳೇನೋ ಚೆನ್ನಾದವು. ಆದರೆ ಕಾಸರಗೋಡಿನ ಅಡಿಕೆ ಬೆಳೆಗಾರನೂ ವಯನಾಡಿನ ಕೂಲಿಯವನೂ ಕೊಟ್ಟ ತೆರಿಗೆ ರಾಜಧಾನಿಯ ರಸ್ತೆಗೆ ಹೋಯಿತು, ಆ ರಸ್ತೆಯ ಪಕ್ಕದ ಮಳಿಗೆಗಳ ಬಾಡಿಗೆ ಏರಿದ ಲಾಭ ಮಳಿಗೆಯವರಿಗೇ ಉಳಿಯಿತು. ವಿಚಿತ್ರವೆಂದರೆ ತಿರುವಾಂಕೂರಿನ ನಗರ ಯೋಜನಾ ಕಾಯಿದೆ ಕೊಲ್ಲಂ ವರ್ಷ 1108ರದು, ಎಂದರೆ 1932-33ರದು. ಸುಧಾರಣೆಯಿಂದ ಬೆಲೆ ಏರಿದ ಭೂಮಿಯ ಒಡೆಯರಿಂದ ಒಂದು ಪಾಲು ಪಡೆಯುವ ವಿಚಾರ ನಮ್ಮ ನಗರ ಕಾಯಿದೆಗಳಿಗೆ ಅಷ್ಟು ಹಳೆಯದು. ಕಾಗದದಲ್ಲಿ ಇರುವುದಕ್ಕೂ ರಸೀತಿ ಹರಿಯುವುದಕ್ಕೂ ಬಹಳ ಅಂತರ.

2016ರಿಂದ ಕೇರಳ ಸರ್ಕಾರ ಕಿಫ್ಬಿ ಎಂಬ ಹಳೆಯ ಸಂಸ್ಥೆಗೆ ಹೊಸ ಜೀವ ಕೊಟ್ಟು, ಪೆಟ್ರೋಲ್ ಸೆಸ್ಸು ಮತ್ತು ವಾಹನ ತೆರಿಗೆಯ ಒಂದು ಪಾಲನ್ನು ಅದಕ್ಕೆ ಮೀಸಲಿಟ್ಟಿತು. ಆ ಆಧಾರದ ಮೇಲೆ 2019ರಲ್ಲಿ ಲಂಡನ್ನಿನ ಪೇಟೆಯಲ್ಲಿ ಮಸಾಲಾ ಬಾಂಡ್ ಎಂಬ ರೂಪಾಯಿ ಸಾಲಪತ್ರಗಳಿಂದ 2,150 ಕೋಟಿ ರೂಪಾಯಿಯನ್ನು ನೂರಕ್ಕೆ 9.723ರ ಬಡ್ಡಿಗೆ ಎತ್ತಿದರು. ಬೇಲಿ ಇಲ್ಲಿಯೂ ಇದೆ, ಆದರೆ ಅದು ಇಡೀ ರಾಜ್ಯದ ಸುತ್ತ ಹಾಕಿದ ಬೇಲಿ. ಸ್ಕೂಟರಿಗೆ ಪೆಟ್ರೋಲ್ ಹಾಕಿಸುವವನು ತಾನು ಯಾವ ಊರಿನ ಯಾವ ಸೇತುವೆಗೆ ಕೊಡುತ್ತಿದ್ದೇನೆಂದು ತಿಳಿಯಲಾರ.

ನಮ್ಮ ಕನ್ನಡನಾಡಿನಲ್ಲಿ ಈ ವಿಚಾರ ಹೊಸದಲ್ಲ. ಪ್ಲೇಗು ಮಾರಿಯ ಆ ದಿನಗಳಲ್ಲಿ ಇಕ್ಕಟ್ಟಿನ ಊರುಗಳನ್ನು ಬಿಡಿಸಬೇಕೆಂದು ಮುಂಬಯಿಯಲ್ಲಿ 1898ರಲ್ಲಿ, ಮೈಸೂರಿನಲ್ಲಿ 1903ರಲ್ಲಿ ನಗರ ಸುಧಾರಣಾ ಟ್ರಸ್ಟುಗಳು ಹುಟ್ಟಿದವು. ಬೆಂಗಳೂರಿಗೆ 1945ರಲ್ಲಿ ಸಿ.ಐ.ಟಿ.ಬಿ. ಬಂತು, ಅದೇ 1976ರಲ್ಲಿ ಬಿ.ಡಿ.ಎ. ಆಯಿತು. ಭೂಮಿ ಕೊಳ್ಳುವುದು, ರಸ್ತೆ ಚರಂಡಿ ಮಾಡಿ ನಿವೇಶನ ಹಂಚುವುದು, ಆ ಹಣದಿಂದ ಮುಂದಿನ ಬಡಾವಣೆ. ಬಿ.ಡಿ.ಎ. ಕಾಯಿದೆಯಲ್ಲಿ ಏರಿದ ಬೆಲೆಯ ಮೂರನೆಯ ಒಂದು ಪಾಲನ್ನು ಬೆಟರ್‌ಮೆಂಟ್ ತೆರಿಗೆಯಾಗಿ ಪಡೆಯುವ ವಿಧಿಯೂ ಇದೆ. ನಿವೇಶನ ಮಾರಿದ ಹಣದ ಮೇಲೆ ನಿಂತ ಸಂಸ್ಥೆಗೆ ಮಾರಲು ನೆಲ ಬೇಕೇ ಬೇಕು. ನೆಲ ತೀರಿದ ದಿನ ಏನು ಎಂಬ ಪ್ರಶ್ನೆ ಬೆಂಗಳೂರಿಗೂ ಕೊಚ್ಚಿಗೂ ಒಂದೇ.

ಲೆಕ್ಕದ ಇನ್ನೊಂದು ಬದಿ

ಜಮೆಯ ಬದಿ ಬರೆದಾಯಿತು. ಖರ್ಚಿನ ಬದಿಯನ್ನು ಬರೆಯದಿದ್ದರೆ ಗುಮಾಸ್ತಿಕೆಗೆ ಕಳಂಕ. ಗೋಶ್ರೀ ಸೇತುವೆಗಳಿಗೆ ನಿಜವಾಗಿ ಹಣ ಕೊಟ್ಟವರು ಯಾರು? ದ್ವೀಪದ ಭೂಮಾಲಿಕರಲ್ಲ, ಅವರಿಗೆ ಯಾವ ವಿಶೇಷ ತೆರಿಗೆಯೂ ಬೀಳಲಿಲ್ಲ. ಕೊಟ್ಟದ್ದು ಹಿನ್ನೀರು. 25 ಹೆಕ್ಟೇರು ನೀರಿಗೆ ಯಾರ ಹೆಸರಿನ ಪಟ್ಟೆಯೂ ಇರಲಿಲ್ಲವಾದ್ದರಿಂದ ಕೇಳುವವರೂ ಇರಲಿಲ್ಲ. ಆದರೆ ಆ ನೀರಿನಲ್ಲಿ ಬಲೆ ಬೀಸುವವರು, ನಮ್ಮ ಕಡೆ ಮರುವಾಯಿ ಹೆಕ್ಕುವ ಹಾಗೆ ಚಿಪ್ಪು ಹೆಕ್ಕುವವರು ಇದ್ದೇ ಇರುತ್ತಾರೆ. ಮಳೆಗಾಲದ ನೀರಿಗೂ ನಿಲ್ಲಲು ಒಂದು ಜಾಗ ಬೇಕು. ಎಲ್ಲರಿಗೂ ಸೇರಿದ್ದನ್ನು ಮಾರಿ ಕೆಲವರಿಗೆ ಬೇಕಾದದ್ದನ್ನು ಕಟ್ಟಿದರೆ, ಅದು ನ್ಯಾಯವೇ ಆಗಿದ್ದರೂ, ಲೆಕ್ಕದಲ್ಲಿ ಬರೆದಿಡಬೇಕು.

ಏರಿದ ಬೆಲೆ ಎಲ್ಲಿ ಹೋಯಿತೆಂಬುದಕ್ಕೆ ಸ್ವಂತ ಉದಾಹರಣೆಯೇ ಇದೆ. ಸೇತುವೆ ತೆರೆದ ಮೂರು ತಿಂಗಳಿಗೆ ನನ್ನ ಕೋಣೆಯ ಬಾಡಿಗೆ 800ರಿಂದ 1,300 ರೂಪಾಯಿ ಆಯಿತು. ಯಜಮಾನರು ಒಳ್ಳೆಯವರೇ. “ಈಗ ಇದು ದ್ವೀಪವಲ್ಲವಲ್ಲ, ಪೇಟೆ” ಎಂದರು. ಹಾಗೆ ನೋಡಿದರೆ ಸೇತುವೆಯ ಬೆಲೆಯನ್ನು ತಿಂಗಳಿಗೆ 500 ರೂಪಾಯಿಯಂತೆ ನಾನೂ ತೆತ್ತಿದ್ದೇನೆ, ಆದರೆ ಅದು ಸೇತುವೆಗೆ ಸೇರಲಿಲ್ಲ. ಬಿತ್ತುವಟ್ಟದ ಕಾಲದ ಹಿರಿಯರಿದ್ದಿದ್ದರೆ ಯಜಮಾನರ ಆ ಹೆಚ್ಚಳದಲ್ಲಿ ಒಂದು ಪಾಲನ್ನು ಸೇತುವೆಯ ದುರಸ್ತಿಗೆಂದು ತೆಗೆದಿಡುತ್ತಿದ್ದರು. 2017ರಲ್ಲಿ ಕೇಂದ್ರ ಸರ್ಕಾರವೇ ಇಂಥ ಮೌಲ್ಯವೃದ್ಧಿಯ ಪಾಲನ್ನು ಪಡೆಯುವ ನೀತಿಯನ್ನು ಪ್ರಕಟಿಸಿದೆ. ಪಡೆಯುವ ಧೈರ್ಯ ಮಾತ್ರ ನಗರಸಭೆಗಳಿಗೆ ಬರಬೇಕಾಗಿದೆ.

ಹತ್ತಿರದಲ್ಲೇ ಇನ್ನೊಂದು ಲೆಕ್ಕವೂ ಇದೆ. ಅದು ಜಿಡಾದ್ದಲ್ಲ. ವಲ್ಲಾರ್‌ಪಾಡಂನಲ್ಲಿ 2011ರಲ್ಲಿ ಆರಂಭವಾದ ಕಂಟೇನರ್ ಟರ್ಮಿನಲ್ಲಿನ ರಸ್ತೆ, ರೈಲು ದಾರಿಗಳಿಗಾಗಿ 316 ಕುಟುಂಬಗಳು ಮನೆ ಬಿಡಬೇಕಾಯಿತು. 2008ರ ಫೆಬ್ರವರಿಯಲ್ಲಿ ಮೂಲಂಪಿಳ್ಳಿಯ ಮನೆಗಳನ್ನು ಕೆಡವಿದ್ದು ಕೇರಳದಾದ್ಯಂತ ಸುದ್ದಿಯಾಯಿತು. ವರ್ಷಗಳು ಕಳೆದರೂ ಅನೇಕರಿಗೆ ಮನೆ ಕಟ್ಟಲು ಯೋಗ್ಯವಾದ ನೆಲ ಸಿಗಲಿಲ್ಲ. ದೇಶಕ್ಕೆಲ್ಲ ಲಾಭ ತರುವ ಬಂದರಿಗೆ ಒಂದು ಸಣ್ಣ ದ್ವೀಪದವರು ತಮ್ಮ ಪಾಲಿಗಿಂತ ಬಹಳ ಹೆಚ್ಚು ತೆತ್ತರು. ಲಾಭಕ್ಕೆ ತಕ್ಕ ಹೊರೆ ಎಂಬ ತತ್ವ ತಲೆಕೆಳಗಾದರೆ ಹೀಗಾಗುತ್ತದೆ.

ಬೇಲಿಯಿದ್ದರೆ ಸಾಲದು, ಬೇಲಿಯೊಳಗಿನವರಿಗೆ ಬಾಯಿಯೂ ಇರಬೇಕು. ಟೊರಾಂಟೊದ ಅಂಗಡಿಕಾರರು ತೆತ್ತರು, ತಾವೇ ಕೂತು ತೀರ್ಮಾನಿಸಿದರು. ಗೋಶ್ರೀಯಲ್ಲಿ ಹಣಕ್ಕೆ ಬೇಲಿ ಇತ್ತು, ಬಾಗಿಲಿನ ಬೀಗದ ಕೈ ಮಾತ್ರ ತಿರುವನಂತಪುರದಲ್ಲಿತ್ತು. ಅದಕ್ಕೆ ಒಂದೇ ಸಣ್ಣ ನಿದರ್ಶನ ಸಾಕು. ಸೇತುವೆಯಾದ ಮೇಲೂ ವರ್ಷಗಟ್ಟಲೆ ವೈಪಿನ್ನಿನ ಖಾಸಗಿ ಬಸ್ಸುಗಳಿಗೆ ನಗರದೊಳಗೆ ಪ್ರವೇಶವಿರಲಿಲ್ಲ. ಪರ್ಮಿಟ್ಟಿನ ನಿಯಮಗಳ ಕಾರಣ ಹೈಕೋರ್ಟ್ ಜಂಕ್ಷನ್ನಿನಲ್ಲಿ ಎಲ್ಲರೂ ಇಳಿದು ಇನ್ನೊಂದು ಬಸ್ಸು ಹತ್ತಬೇಕು. ಮೂರು ಸೇತುವೆ ದಾಟಿಸಿದ ಸರ್ಕಾರಕ್ಕೆ ಒಂದು ಸಿಗ್ನಲ್ ದಾಟಿಸುವುದು ಕಷ್ಟವಾಯಿತು ಎಂದು ಚೇಟ್ಟನ್ ನಗುತ್ತಿದ್ದರು. ನಗು ಅಷ್ಟೇನೂ ಸಿಹಿಯಾಗಿರಲಿಲ್ಲ.

ನಾನು ಈ ಮಹಾನಗರಕ್ಕೆ ವರ್ಗವಾಗಿ ಬಂದು ಕೆಲವು ವರ್ಷಗಳಾದವು. ಕಳೆದ ಸಲ ಕೊಚ್ಚಿಗೆ ಹೋದಾಗ ನಿವೃತ್ತರಾದ ಚೇಟ್ಟನ್ ಅವರನ್ನು ನೋಡಿಬಂದೆ. 2023ರ ಏಪ್ರಿಲ್‌ನಿಂದ ಹೈಕೋರ್ಟಿನ ಜೆಟ್ಟಿಯಿಂದ ವೈಪಿನ್ನಿಗೆ ವಾಟರ್ ಮೆಟ್ರೋ ಎಂಬ ವಿದ್ಯುತ್ ದೋಣಿಗಳು ಓಡುತ್ತಿವೆ. ಹವಾನಿಯಂತ್ರಿತ, ಅಚ್ಚುಕಟ್ಟು. ಅದರಲ್ಲೇ ಹೋದೆವು. “ಮೊದಲು ಬೇರೆ ದಾರಿಯಿಲ್ಲವೆಂದು ಬೋಟು ಹತ್ತುತ್ತಿದ್ದೆವು. ಈಗ ಬೇಕೆಂದು ಹತ್ತುತ್ತೇವೆ” ಎಂದರು ಅವರು. ಕಿಟಕಿಯಾಚೆ ಒಂದು ಕಡೆ ಸೇತುವೆ, ಇನ್ನೊಂದು ಕಡೆ ಒಂದು ಕಾಲದಲ್ಲಿ ನೀರಾಗಿದ್ದ ನೆಲದ ಮೇಲೆ ಎದ್ದ ಬಹುಮಹಡಿ ಮನೆಗಳು.

ನಮ್ಮ ಊರುಗಳಲ್ಲಿ, ನಾವಿರುವ ಬಡಾವಣೆಗಳಲ್ಲಿ ರಸ್ತೆಯೋ ಮೇಲ್ಸೇತುವೆಯೋ ಮೆಟ್ರೋವೋ ಬಂದಾಗ ಉದ್ಘಾಟನೆಯ ಕಲ್ಲಿನ ಮೇಲೆ ಯಾರ ಹೆಸರಿದೆ ಎಂದು ನೋಡುತ್ತೇವೆ. ಅದರ ಜೊತೆಗೆ ಮೂರು ಪ್ರಶ್ನೆಗಳನ್ನೂ ಕೇಳುವುದು ಒಳ್ಳೆಯದು. ತೆತ್ತವರು ಯಾರು? ಪಡೆದವರು ಯಾರು? ತೀರ್ಮಾನಿಸುವಾಗ ಅವರಿಬ್ಬರಲ್ಲಿ ಯಾರನ್ನು ಕೇಳಿದರು? ಮೂರಕ್ಕೂ ಉತ್ತರ ಒಂದೇ ಊರಿನವರ ಹೆಸರಾದರೆ ಆ ಕೆಲಸ ಕೆರೆಯ ಏರಿಯಂತೆ ಗಟ್ಟಿಯಾಗಿ ನಿಲ್ಲುತ್ತದೆ.